ಜೋಳದ ಸೀಮೆಯಲ್ಲಿ ಪರಮಪ್ರಸಾದ: ಮಕ್ಕಳನ್ನು ಸಂಸ್ಕಾರಗಳಿಗೆ ಅಣಿಗೊಳಿಸುವ ಬಗೆ



ಈ ದತ್ತಿ ಉಪನ್ಯಾಸಕ್ಕೆ ಈ ವಿಷಯ ಆರಿಸಿಕೊಂಡೆ ಎಂದಾಗ ಗೆಳೆಯರೊಬ್ಬರು, ‘ಇದು ಚರ್ಚಿನ ಒಳಗಿನ ಮಾತಲ್ಲೇನ್ರಿ, ಊರ ಮಂದಿಗೆ ಏನ ಸಂಬಂಧ?’ ಎಂದು ಕೇಳಿದರು. ಸಂಬಂಧ ಇದೆ ಎಂದೇ ನಾನು ಇಲ್ಲಿ ನಿಂತಿದ್ದೇನೆ. ತನ್ನ ನಂಬಿಕೆಯನ್ನು ಮಕ್ಕಳ ಕೈಗೆ ಹೇಗೆ ದಾಟಿಸಬೇಕು ಎಂಬ ಚಿಂತೆ ಎಲ್ಲ ಮನೆಗಳದ್ದೂ ಹೌದು. ಕೂಡಲಸಂಗಮ ಇರುವ ಬಾಗಲಕೋಟೆ ಜಿಲ್ಲೆ ನಮ್ಮದು. ಇಲ್ಲಿಯ ಲಿಂಗಾಯತ ಮನೆಗಳಲ್ಲಿ ಕೂಸಿಗೆ ಲಿಂಗ ಕಟ್ಟುತ್ತಾರೆ, ಬೆಳೆದ ಮೇಲೆ ದೀಕ್ಷೆ ಕೊಡಿಸುತ್ತಾರೆ. ಆ ಎರಡರ ನಡುವೆ ಅಂಗೈಯಲ್ಲಿ ಲಿಂಗ ಹಿಡಿದು ಕೂರುವುದನ್ನು ಮಗುವಿಗೆ ರೂಢಿ ಮಾಡಿಸುವವಳು ಹೆಚ್ಚಿನ ಮನೆಗಳಲ್ಲಿ ಅಜ್ಜಿ. ನಾನು ಕಥೋಲಿಕ ಮಕ್ಕಳ ಬಗ್ಗೆ ಹೇಳಹೊರಟಿರುವುದೂ ಬಹುಮಟ್ಟಿಗೆ ಆ ಅಜ್ಜಿಯ ಕೆಲಸದ ಬಗ್ಗೆಯೇ.

ಗೊತ್ತಿಲ್ಲದವರಿಗೆ ಎರಡು ಮಾತು. ಕಥೋಲಿಕ ಧರ್ಮಸಭೆಯಲ್ಲಿ ಸಂಸ್ಕಾರಗಳು ಏಳು. ಅವುಗಳಲ್ಲಿ ಮೂರು ಪ್ರವೇಶದ ಸಂಸ್ಕಾರಗಳು: ನೀರಿನಿಂದ ಕೊಡುವ ದೀಕ್ಷಾಸ್ನಾನ, ಪರಿಮಳದ ಎಣ್ಣೆ ಹಚ್ಚಿ ಕೊಡುವ ದೃಢೀಕರಣ, ಬಲಿಪೂಜೆ ಎನ್ನುವ ಆರಾಧನೆಯಲ್ಲಿ ಕ್ರಿಸ್ತನ ದೇಹವೆಂದು ನಂಬಿ ಸ್ವೀಕರಿಸುವ ರೊಟ್ಟಿಯಾದ ಪರಮಪ್ರಸಾದ. ಮೂರೂ ಸೇರಿದರೆ ಒಬ್ಬ ಮನುಷ್ಯ ಪೂರ್ತಿ ಕ್ರೈಸ್ತನಾಗುತ್ತಾನೆ. ಮೊದಲ ಶತಮಾನಗಳಲ್ಲಿ ಮೂರನ್ನೂ ಒಂದೇ ರಾತ್ರಿ, ಪಾಸ್ಖ ಅಂದರೆ ಈಸ್ಟರ್ ಹಬ್ಬದ ಜಾಗರಣೆಯಲ್ಲಿ ಕೊಡುತ್ತಿದ್ದರು. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಇಂದಿಗೂ ಎಳೆಗೂಸಿಗೆ ಮೂರನ್ನೂ ಒಟ್ಟಿಗೆ ಕೊಡುತ್ತಾರೆ. ನಮ್ಮಲ್ಲಿ ಮಾತ್ರ ಅವು ಬಿಡಿಬಿಡಿಯಾಗಿವೆ. ಕೂಸಿದ್ದಾಗ ದೀಕ್ಷಾಸ್ನಾನ ಅಂದರೆ ಬ್ಯಾಪ್ಟಿಸಂ, ಮೂರನೆಯ ನಾಲ್ಕನೆಯ ಇಯತ್ತೆಯ ಹೊತ್ತಿಗೆ ಮೊದಲ ಪರಮಪ್ರಸಾದ ಅಂದರೆ ಕಮ್ಯುನಿಯನ್, ಮೀಸೆ ಚಿಗುರುವ ಹೊತ್ತಿಗೆ ದೃಢೀಕರಣ ಅಂದರೆ ಕನ್ಫರ್ಮೇಶನ್. ಒಂದೊಂದಕ್ಕೂ ಒಂದು ಸಮಾರಂಭ, ಒಂದು ಫೋಟೊ, ಹೊಸ ಬಟ್ಟೆ. ನಡುವಿನ ವರ್ಷಗಳಲ್ಲಿ ಮಗು ಎಲ್ಲಿತ್ತು ಎಂದು ಕೇಳುವವರು ಕಡಿಮೆ. ನಾನು ಮಾತಾಡುತ್ತಿರುವುದು ಕಥೋಲಿಕ ಮನೆಯಲ್ಲೇ ಹುಟ್ಟಿದ ಮಕ್ಕಳನ್ನು ಕುರಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಈ ಸೀಮೆಗೆ ಇದು ಹೊಸ ಸಂಗತಿಯಲ್ಲ. ಇಳಕಲ್ಲಿನಿಂದ ಮೂಡಣಕ್ಕೆ ಜಿಲ್ಲೆಯ ಗಡಿ ದಾಟಿದರೆ ಮುದಗಲ್ಲ. ಅಲ್ಲಿಯ ದೇವಾಲಯವನ್ನು ಜೆಸ್ವಿತರು 1557ಕ್ಕೂ ಮೊದಲೇ ಕಟ್ಟಿದ್ದರೆಂದು ಬ್ರಿಟಿಷರ ಕಾಲದ ಗ್ಯಾಝೆಟಿಯರಿನಲ್ಲಿ ದಾಖಲಾಗಿದೆ. ವಿಜಯಪುರದ ಆದಿಲಶಾಹಿ ಆಳ್ವಿಕೆಯ ಕೋಟೆಯೂರಿನಲ್ಲಿ ಕನ್ನಡ ಆಡುವ ಕಥೋಲಿಕರು ಅಂದಿನಿಂದ ಇದ್ದಾರೆ. ಬಾದಾಮಿ ಸೀಮೆಯ ಗುಳೇದಗುಡ್ಡಕ್ಕೆ ಬಾಸೆಲ್ ಮಿಶನ್ ಬಂದದ್ದು ಎಷ್ಟೋ ಆಮೇಲೆ, 19ನೇ ಶತಮಾನದಲ್ಲಿ. ಅದು ಪ್ರಾಟೆಸ್ಟಂಟ್ ಕವಲು, ಅದರ ಕಥೆ ಬೇರೆ. ಇತ್ತ 1648ರ ಸುಮಾರಿಗೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಶನ್ ಆರಂಭಿಸಿದ ಇಟಲಿಯ ಜೆಸ್ವಿತ ಲಿಯೊನಾರ್ದೊ ಚಿನ್ನಾಮಿ ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು. ಕೊಂಕಣಿಯಲ್ಲಿ ಥಾಮಸ್ ಸ್ಟೀಫನ್ಸರ ಧರ್ಮೋಪದೇಶ ರಾಯತೂರಿನಲ್ಲಿ 1622ರಲ್ಲಿ ಅಚ್ಚಾಗಿತ್ತು. ಇಗರ್ಜಿಯ ಗೋಡೆ ಏಳುವ ಮೊದಲೇ ಮಕ್ಕಳ ಪಾಠ ನಡೆದಿರುತ್ತಿತ್ತು. ಸಂತ ಫ್ರಾನ್ಸಿಸ್ ಕ್ಷೇವಿಯರ್ 1542ರಲ್ಲಿ ಗೋವಾಕ್ಕೆ ಬಂದಿಳಿದು ಬೀದಿಯಲ್ಲಿ ಗಂಟೆ ಬಾರಿಸುತ್ತ ಹೋದದ್ದು ಮಕ್ಕಳನ್ನು ಪಾಠಕ್ಕೆ ಕರೆಯಲಿಕ್ಕೆ. ಆಮೇಲೆ ಮುತ್ತಿನ ಕರಾವಳಿಯಿಂದ ಬರೆದ ಪತ್ರಗಳಲ್ಲಿ ಅವರು ಹೇಳುವ ಸಂಗತಿ ನನಗೆ ಬಹಳ ಮುಖ್ಯ: ಕಲಿತ ಮಕ್ಕಳು ಮನೆಗೆ ಹೋಗಿ ಅಪ್ಪ-ಅವ್ವಂದಿರಿಗೆ, ನೆರೆಯವರಿಗೆ ಹೇಳಿಕೊಡಬೇಕು ಎಂದು ಅವರೇ ಏರ್ಪಾಡು ಮಾಡಿದ್ದರು. ಆ ಕಾಲದಲ್ಲೂ ಪಾಠ ಮನೆಯನ್ನು ಮುಟ್ಟಿದ ಮೇಲೆಯೇ ಪಾಠವೆನಿಸಿಕೊಳ್ಳುತ್ತಿತ್ತು.

ನಂಬಿಕೆ ಇಷ್ಟು ಹಳೆಯದಾದರೂ ಉತ್ತರ ಕರ್ನಾಟಕದಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1953ರಲ್ಲಿ, ಕಲಬುರಗಿಯದು 2005ರಲ್ಲಿ; ದೊಡ್ಡ ಊರುಗಳ ಏರ್ಪಾಡು ಇಲ್ಲಿ ಇನ್ನೂ ಬೆಳೆದಿಲ್ಲ. ಮಂಗಳೂರಿನ ಒಂದು ದೊಡ್ಡ ಧರ್ಮಕೇಂದ್ರದಲ್ಲಿ, ಅಂದರೆ ಪ್ಯಾರಿಷ್‌ನಲ್ಲಿ, ಭಾನುವಾರದ ಕ್ಯಾಟೆಕಿಸಂ ತರಗತಿಗೆ ಇಯತ್ತೆಗೊಂದು ಕೋಣೆ, ಕೋಣೆಗೊಬ್ಬ ಟೀಚರು. ನಮ್ಮಲ್ಲಿ ಮನೆಗಳು ಚದುರಿವೆ. ಸುತ್ತಲ ಹಳ್ಳಿಯ ಕೂಲಿಯ ಮನೆ, ಇಳಕಲ್ಲಿನ ಮಗ್ಗದ ಮನೆ, ಗ್ರಾನೈಟು ಕ್ವಾರಿ ಮತ್ತು ಸಿಮೆಂಟು ಕಾರ್ಖಾನೆಯ ಕೆಲಸಕ್ಕೆ ಬಂದವರು, ಬದಲಿಯಾಗಿ ಬಂದ ನರ್ಸು, ಶಾಲೆಯ ಟೀಚರು. ಮನೆಮಾತು ಕನ್ನಡ, ತೆಲುಗು, ಕೊಂಕಣಿ, ತಮಿಳು. ಏಳು ವರ್ಷದವನೂ ಹದಿಮೂರರವಳೂ ಒಂದೇ ಚಾಪೆಯ ಮೇಲೆ. ದೊಡ್ಡ ಊರಿನ ಪಠ್ಯಕ್ರಮ ತಂದು ಇಲ್ಲಿ ಹಾಸಿದರೆ ಅದು ಯಾರಿಗೂ ಸಾಲದು, ಯಾರಿಗೂ ಹೊಂದದು.

ಹಾಗಾದಾಗ ಸುಲಭದ ದಾರಿ ಒಂದಿದೆ, ನಾವೆಲ್ಲ ಹಿಡಿಯುವುದು ಅದನ್ನೇ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಗುಂಪು ಕಟ್ಟಿ, ಪ್ರಶ್ನೋತ್ತರ ಬಾಯಿಪಾಠ ಮಾಡಿಸಿ, ಕೊನೆಗೆ ಫಾದರ್ ಮುಂದೆ ನಿಲ್ಲಿಸಿ ಕೇಳಿಸುವುದು. ‘ಸಂಸ್ಕಾರಗಳು ಎಷ್ಟು?’ ‘ಏಳು.’ ಪಾಸು. ಬಾಯಿಪಾಠದ ಮೇಲೆ ನನಗೆ ಸಿಟ್ಟಿಲ್ಲ. ಸಂತ ಅಗಸ್ಟೀನರ ಕಾಲದಲ್ಲೂ ದೀಕ್ಷಾರ್ಥಿಗಳಿಗೆ ವಿಶ್ವಾಸಸಂಗ್ರಹವನ್ನು ಬಾಯಲ್ಲಿ ಹೇಳಿಕೊಡುತ್ತಿದ್ದರು, ಅವರು ಕಲಿತು ಸಭೆಯ ಮುಂದೆ ಒಪ್ಪಿಸುತ್ತಿದ್ದರು. ನಮೋ ಮರಿಯಾ, ಪ್ರಭು ಕಲಿಸಿದ ಪ್ರಾರ್ಥನೆ, ವಿಶ್ವಾಸಸಂಗ್ರಹ, ಪಶ್ಚಾತ್ತಾಪದ ಪ್ರಾರ್ಥನೆ ಇಷ್ಟು ನಾಲಿಗೆಯಲ್ಲಿ ನಿಲ್ಲಲೇಬೇಕು; ಮುಪ್ಪಿನಲ್ಲಿ, ಆಸ್ಪತ್ರೆಯ ಹಾಸಿಗೆಯಲ್ಲಿ ಕೈ ಹಿಡಿಯುವವು ಅವೇ. ನನ್ನ ತಕರಾರು ಇರುವುದು ಪರೀಕ್ಷೆಯ ಮೇಲೆ. ಉತ್ತರ ತಪ್ಪಿತೆಂದು ಒಂದು ಮಗುವನ್ನು ‘ಮುಂದಿನ ವರ್ಷ ಬಾ’ ಎಂದು ಕಳಿಸಿದರೆ, ಮುಂದಿನ ವರ್ಷ ಆ ಮಗು ಎಲ್ಲಿರುತ್ತದೆ ಎಂದು ಈ ಸೀಮೆಯಲ್ಲಿ ಯಾರು ಹೇಳಬಲ್ಲರು?

ಧರ್ಮಸಭೆ ನಿಜಕ್ಕೂ ಎಷ್ಟು ಕೇಳುತ್ತದೆ? 1910ರ ಆಗಸ್ಟ್ 8ರಂದು ಹತ್ತನೆಯ ಭಕ್ತಿನಾಥ ಜಗದ್ಗುರುಗಳು, ಅಂದರೆ ಪೋಪ್ ಹತ್ತನೆಯ ಪಯಸ್, ಒಂದು ಆಜ್ಞೆ ಹೊರಡಿಸಿದರು. ಅದಕ್ಕೂ ಮೊದಲು ಯುರೋಪಿನಲ್ಲಿ ಮಕ್ಕಳು ಮೊದಲ ಪರಮಪ್ರಸಾದಕ್ಕೆ ಹನ್ನೆರಡು, ಹದಿನಾಲ್ಕು ವರ್ಷದವರೆಗೆ ಕಾಯಬೇಕಿತ್ತು, ಕೆಲವೆಡೆ ಇನ್ನೂ ಹೆಚ್ಚು. ಮಗುವಿಗೆ ಬುದ್ಧಿ ತಿಳಿಯುವ ವಯಸ್ಸು, ಸುಮಾರು ಏಳು, ಬಂದರೆ ಸಾಕು; ಪೂರ್ಣ ಜ್ಞಾನ ಬೇಕಿಲ್ಲ, ಈ ರೊಟ್ಟಿಯನ್ನು ಬರಿಯ ರೊಟ್ಟಿಯಿಂದ ಬೇರೆ ಎಂದು ತಿಳಿದರೆ ಸಾಕು ಎಂದು ಅವರು ಬಾಗಿಲು ತೆರೆದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯೂ ಇದೇ ಜಾಡಿನಲ್ಲಿದೆ. ಅದರ 913ನೇ ವಿಧಿ ಸಾಕಷ್ಟು ತಿಳಿವಳಿಕೆ, ಎಚ್ಚರದ ಸಿದ್ಧತೆ ಬೇಕೆನ್ನುತ್ತದೆ, ಆದರೆ ಮಗುವಿನ ಅಳವಿಗೆ ತಕ್ಕಂತೆ. ಸಾವಿನ ಅಂಚಿನಲ್ಲಿರುವ ಮಗುವಿಗಾದರೆ ಕ್ರಿಸ್ತನ ದೇಹವನ್ನು ದಿನದ ಊಟದಿಂದ ಬೇರೆಯಾಗಿ ಗುರುತಿಸಿ ಭಕ್ತಿಯಿಂದ ಸ್ವೀಕರಿಸಲು ಬಂದರೆ ಮುಗಿಯಿತು. 914ನೇ ವಿಧಿ ಈ ಹೊಣೆಯನ್ನು ಮೊದಲು ಹೊರಿಸುವುದು ತಂದೆತಾಯಿಗಳ ಮೇಲೆ, ಆಮೇಲೆ ಧರ್ಮಕೇಂದ್ರದ ಗುರುಗಳ ಮೇಲೆ. ಪಾಪನಿವೇದನೆ ಮೊದಲು, ಪರಮಪ್ರಸಾದ ಆಮೇಲೆ ಎನ್ನುವುದೂ ಅದರಲ್ಲೇ ಇದೆ. ಈ ವಿಧಿಗಳ ಕರುಣೆ ನಮ್ಮ ತರಗತಿಗಳಲ್ಲಿ ಕಾಣಬೇಕು ಎಂಬುದು ನನ್ನ ಆಸೆ.

‘ದಿನದ ಊಟದಿಂದ ಬೇರೆ’ ಎಂಬ ಈ ಮಾತನ್ನು ಜೋಳದ ಸೀಮೆಯಲ್ಲಿ ಹೇಗೆ ಕಲಿಸುವುದು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಲಿಪೂಜೆಯ ರೊಟ್ಟಿ ಗೋಧಿಯದೇ ಆಗಬೇಕು, ದ್ರಾಕ್ಷಾರಸ ದ್ರಾಕ್ಷಿಯದೇ ಆಗಬೇಕು. ಇದು 924ನೇ ವಿಧಿ. ಹುನಗುಂದದ ಎರೆಭೂಮಿಯಲ್ಲಿ ಹುಟ್ಟಿದ ಮಗು ನಿತ್ಯ ತಿನ್ನುವುದು ಬಿಳಿಜೋಳದ ರೊಟ್ಟಿ. ಹಾಗಾಗಿ ಮಕ್ಕಳು ಕೇಳುತ್ತಾರೆ, ಕೇಳಲೇಬೇಕು: ‘ಟೀಚರ್, ಯೇಸುಸ್ವಾಮಿ ನಮ್ಮ ರೊಟ್ಟ್ಯಾಗ ಬರಂಗಿಲ್ಲೇನ್ರಿ?’ ಈ ಪ್ರಶ್ನೆಯನ್ನು ಪುಸ್ತಕದ ಉತ್ತರದಿಂದ ಮುಚ್ಚಿಹಾಕಬಾರದು. ಹಾಗೆ ಕೇಳಿದ ಒಬ್ಬ ಹುಡುಗಿಗೆ ನಾನು ತಿರುಗಿ ಕೇಳಿದ್ದು ಇಷ್ಟು: ‘ನಿಮ್ಮನ್ಯಾಗ ಗೋಧಿ ಯಾವಾಗ ಬೀಸಸ್ತಾರವಾ?’ ಅವಳು ಥಟ್ಟನೆ ಹೇಳಿದಳು: ಹಬ್ಬಕ್ಕ, ಮದುವಿಗಿ, ಮಾದಲಿ ಮಾಡುವಾಗ, ಹೋಳಗಿಗೆ. ಪಕ್ಕದ ಹುಡುಗ ಸೇರಿಸಿದ: ಬೀಗರು ಬಂದಾಗ. ಯಾರು ಬಂದರೆ ಬೀಗರು, ಯಾರಿಗೆ ಮೊದಲು ಬಡಿಸುತ್ತಾರೆ, ಬಡಿಸುವ ಮೊದಲು ಮನೆ ಸಾರಿಸುವುದು ಯಾಕೆ, ಜಗಳವಾಡಿದ ಚಿಗವ್ವನನ್ನು ಹಬ್ಬದ ಊಟಕ್ಕೆ ಕರೆಯುತ್ತೀರೋ ಇಲ್ಲವೋ ಎಂದು ಕೇಳುತ್ತ ಹೋದೆವು. ಕರೆಯದೆ ಊಟಕ್ಕೆ ಕೂತರೆ ಅಜ್ಜ ಉಣ್ಣುವುದಿಲ್ಲ ಎಂದು ಒಬ್ಬ ಹೇಳಿದ. ಪಾಪನಿವೇದನೆಯ ಪಾಠ ಅಲ್ಲೇ ಆರಂಭವಾಯಿತು. ಸಂತ ಮತ್ತಾಯನ ಶುಭಸಂದೇಶದಲ್ಲಿ ಕಾಣಿಕೆಯನ್ನು ಪೀಠದ ಮುಂದೆ ಬಿಟ್ಟು ಮೊದಲು ಸೋದರನೊಡನೆ ರಾಜಿಯಾಗು ಎಂದು ಯೇಸು ಹೇಳುವ ಭಾಗವನ್ನು ಆಗ ಓದಿದಾಗ, ಅರ್ಥ ಹೇಳುವ ಕೆಲಸವೇ ಉಳಿಯಲಿಲ್ಲ. ಅನ್ನವನ್ನೂ ಚಪಾತಿಯನ್ನೂ ದಿನಾ ತಿನ್ನುವ ಪೇಟೆಯ ಮಗುವಿಗಿಂತ ನಮ್ಮ ಮಗುವಿಗೆ ಪರಮಪ್ರಸಾದದ ಹಬ್ಬ ಬೇಗ ತಿಳಿಯುತ್ತದೆ ಎಂದು ನಾನು ಹೇಳುತ್ತೇನೆ. ಇದು ನಮ್ಮ ಬಡತನದ ಸಮಾಧಾನವಲ್ಲ, ಕಲಿಸುವವರಿಗೆ ನಮ್ಮ ನೆಲ ಕೊಟ್ಟಿರುವ ಅನುಕೂಲ. ಜೋಳದ ರೊಟ್ಟಿಗೂ ಪಾಠದಲ್ಲಿ ಜಾಗವಿದೆ. ಐದು ರೊಟ್ಟಿ ಎರಡು ಮೀನಿನ ಪ್ರಸಂಗದಲ್ಲಿ ಸಂತ ಯೊವಾನ್ನ ಹೇಳುವುದು ಜವೆಗೋಧಿಯ ರೊಟ್ಟಿ, ಆ ನಾಡಿನ ಬಡವರ ರೊಟ್ಟಿ, ತಂದವನೂ ಒಬ್ಬ ಹುಡುಗ. ಆ ಹುಡುಗನ ಬುತ್ತಿಯಲ್ಲಿ ನಮ್ಮ ಮಕ್ಕಳು ತಮ್ಮ ಬುತ್ತಿ ಕಾಣಲಿ.

ನೀರಿನ ಪಾಠವೂ ಹೀಗೆಯೇ. ದೀಕ್ಷಾಸ್ನಾನದ ನೀರನ್ನು ಆಶೀರ್ವದಿಸುವ ಪ್ರಾರ್ಥನೆಯಲ್ಲಿ ನೋವನ ಕಾಲದ ಜಲಪ್ರಳಯ ಬರುತ್ತದೆ, ಕೆಂಪು ಸಮುದ್ರ ದಾಟಿದ್ದು ಬರುತ್ತದೆ. ಮುಳುಗಿಸುವ ನೀರು, ಬದುಕಿಸುವ ನೀರು ಎರಡೂ ಒಂದೇ ಮಾತಿನಲ್ಲಿ. ಬಾಗಲಕೋಟೆಯ ಮಗುವಿಗೆ ಇದನ್ನು ಚಿತ್ರ ತೋರಿಸಿ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ಅಜ್ಜ ಪಡಸಾಲೆಯಲ್ಲೇ ಕೂತಿರುತ್ತಾರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದ್ದನ್ನು ಬಾದಾಮಿ ಸೀಮೆಯವರು ಕಂಡಿದ್ದಾರೆ. ಅದೇ ನದಿ ಹೊಲಕ್ಕೆ ನೀರುಣಿಸುತ್ತದೆ. ಕ್ರಿಸ್ತನೊಡನೆ ಸತ್ತು ಕ್ರಿಸ್ತನೊಡನೆ ಎದ್ದವರು ನಾವು ಎಂಬ ಸಂತ ಪೌಲನ ಮಾತು, ರೋಮನರಿಗೆ ಬರೆದ ಪತ್ರದ ಆರನೆಯ ಅಧ್ಯಾಯ, ಇಂಥ ಅಂಗಳದಲ್ಲಿ ಹೇಳಿದರೆ ಮಗುವಿನ ಕಣ್ಣು ಅಜ್ಜನ ಕಡೆ ಹೊರಳುತ್ತದೆ. ಎಣ್ಣೆಯ ವಿಷಯ ಬಹಳ ಬೆಳೆಸುವುದಿಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದನ್ನು ನೋಡದ ಮಗು ಇಲ್ಲಿ ಇಲ್ಲ. ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಪವಿತ್ರಗೊಳಿಸಿದ ಪರಿಮಳ ತೈಲವನ್ನು ಊರೂರಿಗೂ ಕಳಿಸುವುದು, ಒಂದೇ ತೈಲದಿಂದ ಇಳಕಲ್ಲಿನ ಹುಡುಗಿಯೂ ಬೆಳಗಾವಿಯ ಹುಡುಗನೂ ಅಭಿಷಿಕ್ತರಾಗುವುದು, ಇಷ್ಟು ಹೇಳಿದರೆ ಚದುರಿದ ಮನೆಗಳ ಮಕ್ಕಳಿಗೆ ತಾವು ಒಂಟಿಯಲ್ಲ ಎಂದು ತಿಳಿಯುತ್ತದೆ.

ಈಗ ಮನೆಯ ಮಾತಿಗೆ ಬರುತ್ತೇನೆ. 1969ರಲ್ಲಿ ಹೊಸದಾಗಿ ರೂಪುಗೊಂಡ ಮಕ್ಕಳ ದೀಕ್ಷಾಸ್ನಾನದ ವಿಧಿಯಲ್ಲಿ ಗುರುಗಳು ಕೂಸನ್ನು ಮುಟ್ಟುವ ಮೊದಲು ತಂದೆತಾಯಿಗಳನ್ನು ಕೇಳುತ್ತಾರೆ: ಈ ಮಗುವನ್ನು ವಿಶ್ವಾಸದಲ್ಲಿ ಬೆಳೆಸುವ ಹೊಣೆ ಹೊರುತ್ತಿದ್ದೀರಿ, ಅದು ನಿಮಗೆ ಗೊತ್ತಿದೆಯೇ ಎಂದು. ‘ಹೌದ್ರಿ’ ಎಂದು ತಲೆಯಾಡಿಸುವ ಆ ಕ್ಷಣಕ್ಕೆ ನಾವು ಅವರನ್ನು ಏನು ಕೊಟ್ಟು ಅಣಿಮಾಡಿದ್ದೇವೆ? ಹಿಂದಿನ ಶನಿವಾರ ಅರ್ಧ ತಾಸಿನ ಮಾತು. ಕೂಸಿನ ನಂಬಿಕೆಗೆ ಹೊಣೆ ನಿಲ್ಲುವ ಜ್ಞಾನತಂದೆ ಜ್ಞಾನತಾಯಿಯರನ್ನು ಆರಿಸುವಾಗ ಉಂಗುರ ಹಾಕಬಲ್ಲವರನ್ನು, ದೂರದ ಊರಿನ ನೌಕರಿಯವರನ್ನು ನೋಡುತ್ತಾರೆ. ಧರ್ಮಸಭೆ ಕೇಳುವುದು ಹದಿನಾರು ತುಂಬಿದ, ದೃಢೀಕರಣ ಪಡೆದು ಪರಮಪ್ರಸಾದ ಸ್ವೀಕರಿಸಿದ, ನಂಬಿಕೆಗೆ ತಕ್ಕಂತೆ ಬಾಳುವ ಒಬ್ಬ ಕಥೋಲಿಕರನ್ನು. ಅದೇ ಓಣಿಯಲ್ಲಿ ದಿನಾ ಸಂಜೆ ಜಪಸರ ಹಿಡಿಯುವ ವಿಧವೆ ಇದ್ದರೆ, ಅವಳ ಕೈಯಲ್ಲಿ ಒಂದು ಜೊತೆ ಬಳೆ ಕೊಡಿಸುವಷ್ಟೂ ಹಣವಿಲ್ಲದಿದ್ದರೂ, ಅವಳೇ ಜ್ಞಾನತಾಯಿಯಾಗಲಿ ಎಂದು ನಾನು ಎಲ್ಲ ಮನೆಗಳಲ್ಲೂ ಹೇಳುತ್ತ ಬಂದಿದ್ದೇನೆ.

ಇಳಕಲ್ಲಿನ ಒಂದು ಮಗ್ಗದ ಮನೆ ಕಣ್ಣ ಮುಂದಿದೆ. ತಂದೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತಿದ್ದಾನೆ, ತಾಯಿ ಬಾಗಿಲ ಬೆಳಕಿನಲ್ಲಿ ಕಂಡಿಕೆ ಸುತ್ತುತ್ತಿದ್ದಾಳೆ. ‘ಐತವಾರ ಕಳಸ್ರಿ ಹುಡುಗನ್ನ’ ಎಂದರೆ, ‘ಸೋಮವಾರ ಸೀರೆ ಕೊಡಬೇಕ್ರಿ ಟೀಚರ್, ಅಂವಾ ಇಲ್ಲಂದ್ರ ಕೈ ಓಡಂಗಿಲ್ಲ’ ಎನ್ನುತ್ತಾಳೆ. ಅವಳ ಮಾತು ಸುಳ್ಳಲ್ಲ. ಹಾಗಿದ್ದರೆ ಪಾಠ ಮಗ್ಗದ ಹತ್ತಿರ ಹೋಗಬೇಕು. ನೂಲು ಸುತ್ತುತ್ತಲೇ ತಾಯಿ ಒಂದು ಪ್ರಾರ್ಥನೆ ಹೇಳಬಹುದು, ಹುಡುಗ ಮರುನುಡಿಯಬಹುದು. ಅವಳಿಗೇ ಆ ಪ್ರಾರ್ಥನೆ ಪೂರ್ತಿ ಬಾರದಿದ್ದರೆ ಮೊದಲು ಅವಳಿಗೆ ಕಲಿಸಬೇಕು. ಮಕ್ಕಳ ಪುಸ್ತಕಕ್ಕಿಂತ ಮೊದಲು ಓದಲು ಬಾರದ ಅವ್ವಂದಿರಿಗಾಗಿ ಕೇಳಿ ಕಲಿಯುವ ಪಾಠಗಳು ಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ಬಾಗಲಕೋಟೆಯ ಆಡುಮಾತಿನಲ್ಲಿ ವಾರಕ್ಕೊಂದು ಸಣ್ಣ ಧ್ವನಿಪಾಠ ಕಳಿಸುವುದು ಮಕ್ಕಳಿಗೆ ಧರ್ಮ ಕಲಿಸುವ ಒಬ್ಬ ಉಪದೇಶಿಯ ಸಂಜೆಯ ಕೆಲಸ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆರುಸಲೇಮಿಗೆ ಯಾತ್ರೆ ಹೋದ ಎಜೇರಿಯಾ ಎಂಬ ಹೆಣ್ಣುಮಗಳು ಬರೆದಿಟ್ಟಿದ್ದಾಳೆ: ಪಾಸ್ಖಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಧರ್ಮಾಧ್ಯಕ್ಷರು ದೀಕ್ಷಾರ್ಥಿಗಳಿಗೆ ಏಳು ವಾರ, ದಿನವೂ ಬೆಳಿಗ್ಗೆ ಮೂರು ತಾಸು ಬೋಧಿಸುತ್ತಿದ್ದರು. ಪೂಜೆಯ ಹೊತ್ತಿನಲ್ಲಿ ಅವರು ಗ್ರೀಕಿನಲ್ಲಿ ಹೇಳಿದ್ದನ್ನು ಒಬ್ಬ ಗುರು ಸಿರಿಯಾಕಿಗೆ ತಿರುಗಿಸುತ್ತಿದ್ದ, ಲ್ಯಾಟಿನ್ ಬಲ್ಲವರಿಗೆ ಅವರ ಕಡೆಯವರೇ ತಿಳಿಸುತ್ತಿದ್ದರು. ಜೆರುಸಲೇಮಿನಲ್ಲೇ ಹೀಗೆ ಮೂರು ಭಾಷೆ ನಡೆಯಿತೆಂದ ಮೇಲೆ ಗ್ರಂಥಸ್ಥ ಕನ್ನಡ ತಿಳಿಯದ ನಮ್ಮ ಮಗುವಿಗೆ ಅದರ ಮನೆಮಾತಿನಲ್ಲಿ ಹೇಳುವುದರಿಂದ ಯಾವ ಗೌರವವೂ ಕಳೆಯುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಗುಳೆ. ಬಾದಾಮಿ, ಹುನಗುಂದದ ಹಳ್ಳಿಗಳಿಂದ ದೀಪಾವಳಿ ಮುಗಿಯುತ್ತಲೇ ಕುಟುಂಬಗಳು ಹೊರಡುತ್ತವೆ: ಗೋವಾದ ಕಟ್ಟಡದ ಕೆಲಸಕ್ಕೆ, ಮಂಗಳೂರಿಗೆ, ಪುಣೆಗೆ, ಕಬ್ಬು ಕಡಿಯಲಿಕ್ಕೆ. ನಮ್ಮ ಸಂಸ್ಕಾರ ಸಿದ್ಧತೆಯ ಮುಖ್ಯ ತಿಂಗಳುಗಳಾದ ಕ್ರಿಸ್ತಜಯಂತಿಯಿಂದ ಪಾಸ್ಖದವರೆಗಿನ ಕಾಲದಲ್ಲೇ ಮಕ್ಕಳು ಊರಲ್ಲಿ ಇರುವುದಿಲ್ಲ. ಮಳೆಗಾಲದಲ್ಲಿ ಮರಳುತ್ತಾರೆ, ಆಗ ನಮ್ಮ ಕ್ಯಾಟೆಕಿಸಂ ಇನ್ನೂ ಹೆಸರು ಬರೆದುಕೊಳ್ಳುವ ಹಂತದಲ್ಲಿರುತ್ತದೆ. ಇದನ್ನು ತಿರುಗಿಸಿ ಕಟ್ಟಬೇಕು. ಜೂನ್‌ನಿಂದ ದಸರೆಯವರೆಗೆ ತಿರುಳಿನ ಪಾಠ ಮುಗಿಯಲಿ. ಮೊದಲ ಪರಮಪ್ರಸಾದ ಮೇ ತಿಂಗಳಲ್ಲೇ ಆಗಬೇಕೆಂಬ ಕಾನೂನು ಎಲ್ಲಿಯೂ ಇಲ್ಲ, ಮಕ್ಕಳು ಊರಲ್ಲಿರುವ ಯಾವ ಭಾನುವಾರವಾದರೂ ಆಗಲಿ. ಬಲಿಪೂಜೆಯನ್ನು ಕಂಡು, ಉಂಡು, ಆಮೇಲೆ ಅದರ ಅರ್ಥ ಬಿಡಿಸುವ ಪದ್ಧತಿಯೂ ಹಳೆಯದೇ. ಜೆರುಸಲೇಮಿನ ಸಂತ ಸಿರಿಲರ ಹೆಸರಿನಲ್ಲಿ ಉಳಿದಿರುವ ಬೋಧನೆಗಳು ದೀಕ್ಷೆ ಆದ ಮೇಲಿನ ವಾರದಲ್ಲಿ ಹೇಳಿದವು.

ಗುಳೆ ಹೋದ ಮಕ್ಕಳ ಕಾಗದದ ಕಷ್ಟ ಬೇರೆಯೇ ಇದೆ, ಸಣ್ಣದೆಂದು ತೋರಿದರೂ ಇದೇ ಎಷ್ಟೋ ಮಕ್ಕಳನ್ನು ತಡೆದು ನಿಲ್ಲಿಸುತ್ತದೆ. ಕೂಸು ಹುಟ್ಟಿದ್ದು ಗೋವಾದಲ್ಲಿ, ದೀಕ್ಷಾಸ್ನಾನ ಅಲ್ಲಿಯ ಧರ್ಮಕೇಂದ್ರದ ದಫ್ತರದಲ್ಲಿ, ಶಾಲೆ ಇಲ್ಲಿ. ಕಮ್ಯುನಿಯನ್ ಹೊತ್ತಿಗೆ ದೀಕ್ಷಾಸ್ನಾನದ ಪ್ರಮಾಣಪತ್ರ ತನ್ನಿ ಎನ್ನುತ್ತೇವೆ. ಯಾವ ಊರಿನ ಇಗರ್ಜಿ ಎಂದು ತಾಯಿಗೆ ಹೆಸರು ನೆನಪಿರುವುದಿಲ್ಲ. ‘ಬ್ರಿಜ್ ಹತ್ರ ಇತ್ತ್ರಿ’ ಎನ್ನುತ್ತಾಳೆ. ಮಗುವಿಗೆ ಶಾಲೆಯಲ್ಲಿ ಒಂದು ಹೆಸರು, ದಫ್ತರದಲ್ಲಿ ಇನ್ನೊಂದು. ಕಾಗದ ತರುವ ಕೆಲಸ ಕೂಲಿಯ ತಾಯಿಯದಲ್ಲ, ಧರ್ಮಕೇಂದ್ರದ್ದು. ದೀಕ್ಷಾಸ್ನಾನದ ದಫ್ತರದಲ್ಲೇ ಮುಂದಿನ ದೃಢೀಕರಣವನ್ನೂ ಮದುವೆಯನ್ನೂ ಗುರುತಿಸಿಡಬೇಕೆಂಬುದು ಕಾನೂನು, ಅಂದರೆ ಒಂದು ಊರಿನ ಗುರುಗಳು ಇನ್ನೊಂದು ಊರಿನ ಗುರುಗಳಿಗೆ ಬರೆಯುವ ದಾರಿ ಈಗಾಗಲೇ ಇದೆ. ಮಗು ಗುಳೆ ಹೊರಡುವಾಗ ಅದರ ಕೈಯಲ್ಲಿ ಒಂದು ಸಣ್ಣ ಪುಸ್ತಕ ಕೊಡೋಣ: ಹೆಸರು, ದೀಕ್ಷಾಸ್ನಾನದ ಊರು ಮತ್ತು ತಾರೀಖು, ಕಲಿತ ಪಾಠ, ಫೋನ್ ನಂಬರು. ಮಡಗಾಂವ್‌ನಲ್ಲೋ ಪುಣೆಯಲ್ಲೋ ಅಲ್ಲಿಯ ಉಪದೇಶಿ ಮುಂದಿನ ಪಾಠ ಬರೆಯಲಿ.

ದೃಢೀಕರಣದ ಬಗ್ಗೆ ಒಂದು ಮಾತು. ಹಿಂದೆ ಅದು ಪರಮಪ್ರಸಾದಕ್ಕಿಂತ ಮೊದಲೇ ಬರುತ್ತಿತ್ತು; 1910ರ ಆಜ್ಞೆಯಿಂದ ಪರಮಪ್ರಸಾದ ಮುಂದಕ್ಕೆ ಬಂದಾಗ ಬಹಳ ಕಡೆ ಕ್ರಮ ತಿರುವುಮುರುವಾಯಿತು. 2007ರಲ್ಲಿ ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು ಈ ಕ್ರಮವನ್ನು ಮತ್ತೆ ಯೋಚಿಸಿ ನೋಡಿ ಎಂದು ಬರೆದರು. ಕ್ರಮದ ಚರ್ಚೆ ಧರ್ಮಾಧ್ಯಕ್ಷರಿಗೆ ಬಿಟ್ಟದ್ದು. ನನ್ನನ್ನು ಕಾಡುವುದು ಎಂಟರಿಂದ ಹದಿನಾಲ್ಕರ ನಡುವಿನ ಖಾಲಿ ವರ್ಷಗಳು. ಬಿಳಿ ಬಟ್ಟೆಯಲ್ಲಿ ಪೀಠದ ಮುಂದೆ ನಿಂತಿದ್ದ ಹುಡುಗ ಎರಡು ವರ್ಷದ ಮೇಲೆ ಪೂಜೆಗೂ ಬರುವುದಿಲ್ಲ, ಕನ್ಫರ್ಮೇಶನ್‌ಗೆ ಧರ್ಮಾಧ್ಯಕ್ಷರು ಬರುತ್ತಾರೆಂದಾಗ ಹುಡುಕಿ ತರುತ್ತೇವೆ. ಆ ವರ್ಷಗಳಲ್ಲಿ ಅವನಿಗೆ ಕೆಲಸ ಕೊಡೋಣ. ಚಿಕ್ಕವರಿಗೆ ಪ್ರಾರ್ಥನೆ ಹೇಳಿಕೊಡುವುದು, ಹಾಸಿಗೆ ಹಿಡಿದ ಅಜ್ಜನಿಗೆ ವಾಚನ ಓದುವುದು, ಪೀಠಸೇವೆ. ಕ್ಷೇವಿಯರರು ಮುತ್ತಿನ ಕರಾವಳಿಯ ಹುಡುಗರಿಂದ ಇದನ್ನೇ ಮಾಡಿಸಿದ್ದರು.

ಇನ್ನೊಂದು ಮಗುವಿನ ಮಾತು ಹೇಳದೆ ಇಳಿಯಲಾರೆ. ಮಾತು ಬಾರದ, ಬುದ್ಧಿ ನಿಧಾನವಾದ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಅವರನ್ನು ಹಿಂದಿನ ಸಾಲಿನಲ್ಲಿ ಕೂರಿಸಿ, ಆಶೀರ್ವಾದ ಕೊಟ್ಟು ಕಳಿಸುವ ರೂಢಿ ಬಹಳ ಕಾಲ ನಡೆಯಿತು. ಧರ್ಮೋಪದೇಶಕ್ಕಾಗಿ 2020ರಲ್ಲಿ ವ್ಯಾಟಿಕನ್ ಹೊರತಂದ ಮಾರ್ಗದರ್ಶಿ, ವಿಕಲಚೇತನರಿಗೆ ಸಂಸ್ಕಾರ ನಿರಾಕರಿಸುವ ಹಕ್ಕು ಯಾರಿಗೂ ಇಲ್ಲ ಎಂದು ನೇರವಾಗಿ ಹೇಳಿದೆ. ಪೂಜೆಯಲ್ಲಿ ಗಂಟೆ ಬಾರಿಸಿದಾಗ ಅವ್ವನ ಸೆರಗು ಬಿಟ್ಟು ಕೈ ಜೋಡಿಸುವ ಹುಡುಗಿಯನ್ನು ನಾನು ನೋಡಿದ್ದೇನೆ. ಬೇರೆ ಯಾವ ಹೊತ್ತಿನಲ್ಲೂ ಅವಳು ಕೈ ಜೋಡಿಸುವುದಿಲ್ಲ. 913ನೇ ವಿಧಿ ಕೇಳುವ ‘ಬೇರೆ ಎಂದು ಗುರುತಿಸುವುದು’ ಅವಳಲ್ಲಿ ಇಲ್ಲವೆಂದು ಯಾವ ಪರೀಕ್ಷಕ ಹೇಳುತ್ತಾನೆ?

2021ರ ಮೇ 10ರಂದು ಫ್ರಾನ್ಸಿಸ್ ಜಗದ್ಗುರುಗಳು ಉಪದೇಶಿಯ ಕೆಲಸವನ್ನು ಧರ್ಮಸಭೆಯ ಸ್ಥಿರವಾದ ಸೇವಾಪದವಿಯಾಗಿ ಸ್ಥಾಪಿಸಿದರು, ಗಂಡಸರಿಗೂ ಹೆಂಗಸರಿಗೂ. ನಮ್ಮ ಊರುಗಳಲ್ಲಿ ಈ ಕೆಲಸವನ್ನು ಹೊತ್ತವರು ಹೆಚ್ಚಾಗಿ ಹೆಂಗಸರು, ಬಸ್ ಚಾರ್ಜು ತಾವೇ ಹಾಕಿಕೊಂಡು ಹಳ್ಳಿಗೆ ಹೋಗುವವರು. ಈ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಉಪನ್ಯಾಸಕ್ಕೆ ಖರ್ಚು ಮಾಡುವ ಬದಲು ಅವರ ಬಸ್ ಚಾರ್ಜಿಗೂ, ವರ್ಷಕ್ಕೆರಡು ದಿನದ ತರಬೇತಿಗೂ, ಗುಳೆ ಹೋಗುವ ಮಕ್ಕಳ ಆ ಸಣ್ಣ ಪುಸ್ತಕದ ಅಚ್ಚಿಗೂ ಕೊಡಿ ಎಂದು ದತ್ತಿ ಇಟ್ಟವರನ್ನು ಕೈಮುಗಿದು ಕೇಳುತ್ತೇನೆ. ಬರುವ ಜೂನ್‌ಗೆ ಶಾಲೆ ತೆರೆಯುವಾಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಈ ನಾಲ್ಕೂ ಊರುಗಳ ಉಪದೇಶಿಗಳು ಒಮ್ಮೆ ಒಟ್ಟಿಗೆ ಕೂತರೆ, ದೀಪಾವಳಿಗೆ ಗಾಡಿ ಹತ್ತುವ ಮಕ್ಕಳ ಪಟ್ಟಿ ಅಷ್ಟರಲ್ಲೇ ಕೈಯಲ್ಲಿರುತ್ತದೆ.